ಕೊಟ್ಟ ಲೆಕ್ಕ, ಮುಟ್ಟಿದ ಲೆಕ್ಕ

(ದತ್ತಿ ಉಪನ್ಯಾಸ: ಬಾಂಗ್ಲಾದೇಶದ ಸಾರ್ವಜನಿಕ ಆರೋಗ್ಯದ ಎರಡು ಅಧ್ಯಾಯಗಳು)



ಸಮಾಜದ ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯದ ಮೇಲೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ವೈದ್ಯರಲ್ಲದವರಿಗೂ ಅರ್ಥವಾಗುವಂತಿರಬೇಕು ಎಂಬುದು ಈ ದತ್ತಿಯ ಆಶಯ. ಎರಡನೆಯ ಷರತ್ತು ಮೊದಲನೆಯದಕ್ಕಿಂತ ಕಷ್ಟದ್ದು. ಆದ್ದರಿಂದ ಹತ್ತಾರು ದೇಶಗಳ ಕೋಷ್ಟಕಗಳನ್ನು ಬದಿಗಿಟ್ಟು, ಒಂದೇ ದೇಶದ ಎರಡು ಕತೆಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಬಡ ದೇಶಗಳ ಆರೋಗ್ಯ ಎಂದು ಮಾತು ತೆಗೆದರೆ ದುಡ್ಡಿಲ್ಲ, ಡಾಕ್ಟರಿಲ್ಲ, ಔಷಧಿಯಿಲ್ಲ ಎನ್ನುವ ಪಟ್ಟಿಯಲ್ಲೇ ಒಂದು ಗಂಟೆ ಕಳೆದುಬಿಡಬಹುದು. ಆ ಪಟ್ಟಿ ಸುಳ್ಳಲ್ಲ. ಆದರೆ ದುಡ್ಡು ಬಂದ ಮೇಲೂ, ಒಳ್ಳೆಯ ಮನಸ್ಸಿನ ಜನ ದುಡಿದ ಮೇಲೂ ಕೆಲವು ಯೋಜನೆಗಳು ಫಲಿಸುತ್ತವೆ, ಕೆಲವು ತಿರುಗುಬಾಣವಾಗುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಉತ್ತರ ಹುಡುಕಲು ಬಾಂಗ್ಲಾದೇಶಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಅತಿ ದೊಡ್ಡ ಗೆಲುವುಗಳಲ್ಲಿ ಒಂದು ಆದದ್ದು ಅಲ್ಲಿ. ಅತಿ ದೊಡ್ಡ ಅನಾಹುತಗಳಲ್ಲಿ ಒಂದು ಆದದ್ದೂ ಅಲ್ಲೇ.

ಒಂದು ರೋಗ, ಎರಡು ದಾರಿ

1970ರ ನವೆಂಬರಿನಲ್ಲಿ ಭೋಲಾ ಚಂಡಮಾರುತ ಬಂಗಾಳದ ಕರಾವಳಿಗೆ ಅಪ್ಪಳಿಸಿ ಲಕ್ಷಾಂತರ ಜನರನ್ನು ಕೊಂದಿತು. ಮರುವರ್ಷ ಯುದ್ಧ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. 1971ರ ಡಿಸೆಂಬರಿನಲ್ಲಿ ಸ್ವತಂತ್ರವಾದ ದೇಶದ ಕೈಯಲ್ಲಿ ಉಳಿದದ್ದು ಮುರಿದ ಸೇತುವೆಗಳು, ಖಾಲಿ ಖಜಾನೆ, ಹಸಿದ ಹೊಟ್ಟೆಗಳು. ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 1990ರ ಹೊತ್ತಿಗೆ ಆ ಸಂಖ್ಯೆ ಸುಮಾರು 145ಕ್ಕೆ ಇಳಿಯಿತು. 2022ರ ಜನಾರೋಗ್ಯ ಸಮೀಕ್ಷೆಯಲ್ಲಿ ಅದು 31. ಈ ಅವಧಿಯ ಬಹುಭಾಗ ಬಾಂಗ್ಲಾದೇಶ ಜಗತ್ತಿನ ಬಡ ದೇಶಗಳ ಸಾಲಿನಲ್ಲೇ ಇತ್ತು ಎಂಬುದನ್ನು ನೆನಪಿಡಬೇಕು.

ಮಕ್ಕಳ ಸಾವಿನ ದೊಡ್ಡ ಕಾರಣಗಳಲ್ಲಿ ವಾಂತಿಭೇದಿ ಒಂದು. ಅದನ್ನು ಎದುರಿಸಲು ಎರಡು ದಾರಿಗಳಿದ್ದವು. ಒಂದು, ಭೇದಿ ಹಿಡಿದ ಮಗುವನ್ನು ಸಾಯದಂತೆ ಉಳಿಸಿಕೊಳ್ಳುವುದು. ಇನ್ನೊಂದು, ಭೇದಿಯೇ ಬರದಂತೆ ಶುದ್ಧ ನೀರು ಕೊಡುವುದು. ಮೊದಲ ದಾರಿಯಲ್ಲಿ ಉಪ್ಪು ಬೆಲ್ಲದ ನೀರು ಬಂತು, ಎರಡನೆಯದರಲ್ಲಿ ಕೈಪಂಪಿನ ಕೊಳವೆಬಾವಿ ಬಂತು. ಎರಡೂ ಅಗ್ಗ, ಎರಡೂ ಸರಳ, ಎರಡೂ ಕೋಟಿಗಟ್ಟಲೆ ಜನರನ್ನು ಮುಟ್ಟಿದವು. ಒಂದು ಜೀವ ಉಳಿಸಿತು. ಇನ್ನೊಂದು ಜೀವ ಉಳಿಸುತ್ತಲೇ ವಿಷವನ್ನೂ ಕುಡಿಸಿತು.

ಬೊಂಗಾಂವ್‌ನ ಎರಡು ಕೋಣೆಗಳು

ಕಾಲರಾ ಕೊಲ್ಲುವ ರೀತಿ ಹೀಗಿದೆ. ರೋಗಾಣು ಸಣ್ಣಕರುಳಿಗೆ ಅಂಟಿಕೊಂಡು ವಿಷ ಬಿಡುತ್ತದೆ. ಆ ವಿಷದ ಪರಿಣಾಮವಾಗಿ ಕರುಳಿನ ಜೀವಕೋಶಗಳು ಉಪ್ಪನ್ನೂ ನೀರನ್ನೂ ಎಡೆಬಿಡದೆ ಹೊರಗೆ ಸುರಿಯುತ್ತವೆ. ರೋಗ ತೀವ್ರವಾದರೆ ವಯಸ್ಕನ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೆ ನೀರು ಹೋಗಬಹುದು. ಬೆಳಿಗ್ಗೆ ಗದ್ದೆಗೆ ಹೋದ ಗಟ್ಟಿಮುಟ್ಟಾದ ಆಳು ರಾತ್ರಿಯ ಹೊತ್ತಿಗೆ ಇಲ್ಲವಾಗುವುದು ಹೀಗೆ. ಹೋದಷ್ಟು ನೀರು, ಹೋದಷ್ಟು ಉಪ್ಪು ಮೈಗೆ ಮರಳಿ ಸೇರಿದರೆ ರೋಗಿ ಬದುಕುತ್ತಾನೆ. ಆದರೆ ಬರೀ ನೀರು ಕುಡಿಸಿದರೆ ಅದು ಒಳಗೆ ನಿಲ್ಲುವುದಿಲ್ಲ. ಹಾಗಾಗಿ ನರಕ್ಕೆ ಸೂಜಿ ಚುಚ್ಚಿ ಸಲೈನ್ ಏರಿಸುವುದೊಂದೇ ಚಿಕಿತ್ಸೆಯಾಗಿತ್ತು. ಅದಕ್ಕೆ ಶುದ್ಧ ಬಾಟಲಿ ಬೇಕು, ಸೂಜಿ ಬೇಕು, ನರ ಹುಡುಕಬಲ್ಲ ಕೈ ಬೇಕು. ಮಳೆಗಾಲದಲ್ಲಿ ದೋಣಿಯೊಂದೇ ಗತಿಯಾದ ಬಂಗಾಳದ ಹಳ್ಳಿಗೆ ಇವು ಯಾವುವೂ ತಲುಪುವಂತಿರಲಿಲ್ಲ.

ಬಾಯಿಂದ ಕುಡಿಸಿಯೂ ಉಳಿಸಬಹುದು ಎಂಬ ಸುಳಿವು ಹೊಸದೇನಲ್ಲ. ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿದ ಅನುಭವವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಆಗ ಹೆಚ್ಚಿನವರು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಆ ನೀರು ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಇನ್ನೂ ಸಿಕ್ಕಿರಲಿಲ್ಲ. 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಅದನ್ನು ಕೊಟ್ಟರು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ಒಂದು ಬಾಗಿಲಿದೆ. ಸಕ್ಕರೆಯ ಕೈಹಿಡಿದು ಉಪ್ಪು ಒಳಗೆ ಬರುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಮುಚ್ಚುವುದಿಲ್ಲ. ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಮೂವತ್ತು ತುಂಬದ ಇಬ್ಬರು ವೈದ್ಯರು, ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಇದನ್ನು ರೋಗಿಗಳ ಮೇಲೆ ಅಳೆದು ನೋಡಿದರು. ಮಧ್ಯದಲ್ಲಿ ತೂತಿರುವ ಕ್ಯಾನ್ವಾಸ್ ಮಂಚ, ಅದರ ಕೆಳಗೆ ಗುರುತು ಹಾಕಿದ ಬಕೆಟ್. ಬಕೆಟ್ಟಿಗೆ ಎಷ್ಟು ಬಿತ್ತೋ ಅಷ್ಟನ್ನೇ ರೋಗಿಗೆ ಬಾಯಿಂದ ಕುಡಿಸುವುದು. ಇದರಿಂದ ಸಲೈನಿನ ಅಗತ್ಯ ಶೇ 80ರಷ್ಟು ಇಳಿಯುತ್ತದೆ ಎಂದು 1968ರಲ್ಲಿ ಅವರು ಪ್ರಕಟಿಸಿದರು.

ಆಸ್ಪತ್ರೆಯ ಒಳಗೆ ಸಾಬೀತಾದದ್ದು ಹೊರಗೆ ನಡೆಯುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಗಡಿಯ ಬೊಂಗಾಂವ್‌ನಲ್ಲಿ. ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಜೂನ್ ತಿಂಗಳ ಕೊನೆಯ ವಾರ ಕಲ್ಕತ್ತೆಯ ಮಕ್ಕಳ ವೈದ್ಯ ದಿಲೀಪ್ ಮಹಲನೋಬಿಸ್ ಅಲ್ಲಿಗೆ ಹೋದರು. ಆಸ್ಪತ್ರೆಯ ಎರಡು ಕೋಣೆಗಳ ತುಂಬ ನೆಲದ ಮೇಲೆ ರೋಗಿಗಳು. ಸಲೈನ್ ಏರಿಸಬೇಕೆಂದರೆ ಮಲ ಮತ್ತು ವಾಂತಿಯ ನಡುವೆಯೇ ಮಂಡಿಯೂರಿ ಕೂರಬೇಕು. ತಂಡದಲ್ಲಿ ಸಲೈನ್ ಏರಿಸಲು ಬಲ್ಲವರು ಇಬ್ಬರೇ. ಸಲೈನ್ ದಾಸ್ತಾನು ಬರಿದಾಗುತ್ತಿತ್ತು. ಎರಡೇ ದಿನಗಳಲ್ಲಿ ಅವರಿಗೆ ಇದು ಸೋಲುವ ಯುದ್ಧವೆಂದು ಸ್ಪಷ್ಟವಾಯಿತು.

ಅವರು ಕಲ್ಕತ್ತೆಯ ತಮ್ಮ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಪೊಟ್ಟಣ ಕಟ್ಟಿಸಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಡ್ರಮ್ಮುಗಳಲ್ಲಿ ಕಲಸಿಟ್ಟ ನೀರನ್ನು ರೋಗಿಗಳ ಅಣ್ಣತಮ್ಮಂದಿರು, ತಾಯಂದಿರು ಲೋಟದಲ್ಲಿ ಹಿಡಿದು ಕುಡಿಸಿದರು. ಸಂಶಯಪಟ್ಟವರಿಗೆ ಇದು ಬಾಯಿಂದ ಕೊಡುವ ಸಲೈನ್ ಎಂದು ಹೇಳಬೇಕಾಯಿತು. ಶಿಬಿರಗಳಲ್ಲಿ ಕಾಲರಾದಿಂದ ಶೇ 30ರಷ್ಟು ರೋಗಿಗಳು ಸಾಯುತ್ತಿದ್ದ ವರದಿಗಳಿದ್ದ ಕಾಲದಲ್ಲಿ, ಅವರ ಆರೈಕೆಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ 3.6. ಅದನ್ನು ಬರೆದು ಕಳಿಸಿದ ಲೇಖನ ಮೊದಲು ತಿರಸ್ಕೃತವಾಗಿ 1973ರಲ್ಲಷ್ಟೇ ಅಚ್ಚಾಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಉಪ್ಪು, ಬೆಲ್ಲ, ಅರ್ಧ ಸೇರು ನೀರು

ಇಲ್ಲಿಯವರೆಗಿನದು ವಿಜ್ಞಾನದ ಕತೆ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಮುಂದಿನದು, ಏಕೆಂದರೆ ಔಷಧಿ ಸಿಕ್ಕ ಮೇಲೂ ಹಳ್ಳಿಯ ಮಕ್ಕಳು ಸಾಯುತ್ತಲೇ ಇದ್ದರು. ಪೊಟ್ಟಣ ಮಾಡುವ ಕಾರ್ಖಾನೆ ದೇಶದ ಅಗತ್ಯಕ್ಕೆ ಸಾಲುತ್ತಿರಲಿಲ್ಲ. ಮಾಡಿದರೂ ಪ್ರತಿ ಮನೆಗೆ ಮುಟ್ಟಿಸುವ ದಾರಿ ಇರಲಿಲ್ಲ.

ಫಝ್ಲೆ ಹಸನ್ ಅಬೆದ್ ಎಂಬವರು ತೈಲ ಕಂಪನಿಯ ಲೆಕ್ಕಪತ್ರ ವಿಭಾಗದ ಉನ್ನತ ಹುದ್ದೆಯಲ್ಲಿದ್ದವರು. ಯುದ್ಧ ಮುಗಿದ ಮೇಲೆ, 1972ರಲ್ಲಿ, ಸುಲ್ಲಾ ಎಂಬ ಹಿಂದುಳಿದ ಪ್ರದೇಶದಲ್ಲಿ ಪುನರ್ವಸತಿಗಾಗಿ ಬ್ರ್ಯಾಕ್ ಎಂಬ ಸಂಸ್ಥೆ ಕಟ್ಟಿದರು. ಪೊಟ್ಟಣ ಇಲ್ಲದಿದ್ದರೇನು, ಉಪ್ಪು ಬೆಲ್ಲ ಇಲ್ಲದ ಮನೆಯಿಲ್ಲವಲ್ಲ ಎಂದು ಆ ಸಂಸ್ಥೆ ಹೊರಟಿತು. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಪೊಟ್ಯಾಸಿಯಂ ಕೂಡ ಇರುತ್ತದೆ, ಅದೂ ಭೇದಿಯಲ್ಲಿ ಕಳೆದುಹೋಗುವ ಲವಣವೇ. 1980ರಲ್ಲಿ ಆರಂಭವಾದ ಈ ಕೆಲಸ 1990ರವರೆಗೆ ನಡೆದು ಸುಮಾರು 1.2 ಕೋಟಿ ಮನೆಗಳ ತಾಯಂದಿರಿಗೆ ಒಬ್ಬೊಬ್ಬರಿಗೂ ಎದುರು ಕೂತು ಕಲಿಸಿತು.

ಕಲಿಸುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾರ್ಯಕರ್ತೆ ಅಂಗಳದಲ್ಲಿ ಕೂತು ಮನೆಯದೇ ಪಾತ್ರೆ ತರಿಸುತ್ತಾಳೆ. ಅರ್ಧ ಸೇರು ನೀರು ಅಳೆದು ಹಾಕಿ, ನೀರು ನಿಂತ ಮಟ್ಟಕ್ಕೆ ಪಾತ್ರೆಯ ಮೇಲೆ ಗುರುತು ಮಾಡುತ್ತಾಳೆ. ಆಮೇಲೆ ಹೆಬ್ಬೆರಳು ಮತ್ತೆರಡು ಬೆರಳು ಕೂಡಿಸಿ ತೋರುಬೆರಳಿನ ಮೊದಲ ಗೆರೆಯವರೆಗೆ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಕಲಕಿ ರುಚಿ ನೋಡುವುದು. ಈಗ ತಾಯಿಯ ಸರದಿ. ಅವಳೇ ಅಳೆಯಬೇಕು, ಅವಳೇ ಕಲಕಬೇಕು, ಅವಳೇ ರುಚಿ ನೋಡಬೇಕು. ಭೇದಿ ಶುರುವಾದ ಕೂಡಲೇ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ಊಟ ಬಿಡಿಸಬಾರದು ಎಂಬ ಕೆಲವು ಅಂಶಗಳನ್ನು ಬಾಯಿಪಾಠ ಹೇಳಿಸುತ್ತಿದ್ದರು. ಅಕ್ಷರ ಬಾರದವರೇ ಹೆಚ್ಚಾಗಿದ್ದ ಊರುಗಳಲ್ಲಿ ಕರಪತ್ರ ಹಂಚಿ ಪ್ರಯೋಜನವಿರಲಿಲ್ಲ.

ಇದರಲ್ಲಿ ಅಪಾಯವೂ ಇತ್ತು. ಉಪ್ಪು ಕಡಿಮೆಯಾದರೆ ನೀರು ಕೆಲಸ ಮಾಡುವುದಿಲ್ಲ. ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಓದುಬರಹವಿಲ್ಲದ ಹೆಂಗಸರ ಚಿಟಿಕೆಯನ್ನು ನಂಬುವುದು ಹೇಗೆ ಎಂದು ತಜ್ಞರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಸಂಸ್ಥೆ ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ತಾಯಂದಿರು ಮಾಡಿದ ನೀರಿನ ಮಾದರಿಗಳನ್ನು ಶೀಶೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದು ಉಪ್ಪಿನ ಅಂಶ ಅಳೆಸಿತು.

ನನ್ನ ಉಪನ್ಯಾಸದ ತಿರುಳು ಇಲ್ಲಿಂದ ಮುಂದಿನದು. ಕಾರ್ಯಕರ್ತೆಯ ಸಂಬಳ ಎಷ್ಟು ಮನೆಗೆ ಹೋದಳು ಎಂಬುದರ ಮೇಲೆ ನಿಂತಿರಲಿಲ್ಲ. ಅವಳು ಕಲಿಸಿ ಹೋದ ಕೆಲವು ವಾರಗಳ ಮೇಲೆ ಇನ್ನೊಬ್ಬರು ಬಂದು, ಕಲಿತ ತಾಯಂದಿರಲ್ಲಿ ಕೆಲವರನ್ನು ಆರಿಸಿ, ಈಗ ಮಾಡಿ ತೋರಿಸಿ ಎನ್ನುತ್ತಿದ್ದರು. ತಾಯಿಗೆ ಎಲ್ಲ ನೆನಪಿದ್ದು ನೀರು ಸರಿಯಾಗಿದ್ದರೆ ಕಾರ್ಯಕರ್ತೆಗೆ ಪೂರ್ತಿ ದುಡ್ಡು. ಅರೆಬರೆ ಇದ್ದರೆ ಕಡಿಮೆ. ಏನೂ ನೆನಪಿಲ್ಲದಿದ್ದರೆ ಆ ಮನೆಯ ಲೆಕ್ಕದಲ್ಲಿ ಏನೂ ಇಲ್ಲ. ಅಂದರೆ ಕೊಟ್ಟ ಪಾಠಕ್ಕೆ ಬೆಲೆಯಿರಲಿಲ್ಲ, ಮುಟ್ಟಿದ ಪಾಠಕ್ಕೆ ಇತ್ತು.

ಅಷ್ಟಾದರೂ ಮೊದಮೊದಲು ಇನ್ನೊಂದು ನಿರಾಸೆ ಕಾದಿತ್ತು. ತಾಯಂದಿರಿಗೆ ಪಾಠ ಚೆನ್ನಾಗಿ ನೆನಪಿತ್ತು, ಆದರೆ ಮಗುವಿಗೆ ಭೇದಿಯಾದಾಗ ಬಳಸಿದವರು ತೀರ ಕಡಿಮೆ. ಇಂಥ ಹೊತ್ತಿನಲ್ಲಿ ಹಳ್ಳಿಯವರ ಮೌಢ್ಯ ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. ಬ್ರ್ಯಾಕ್‌ನವರು ಕಾರಣ ಹುಡುಕಿದರು. ಹುಡುಕಿದಾಗ ತಿಳಿದದ್ದೇನೆಂದರೆ, ಕಲಿಸುವ ಕಾರ್ಯಕರ್ತರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರೇ ಮಾತ್ರೆ ನುಂಗುತ್ತಿದ್ದರು. ಅವರನ್ನು ಢಾಕಾಕ್ಕೆ ಕರೆದೊಯ್ದು ಕಾಲರಾ ಆಸ್ಪತ್ರೆಯಲ್ಲಿ ರೋಗಿಗಳು ಎದ್ದು ಕೂರುವುದನ್ನು ತೋರಿಸಿದರು. ಹಳ್ಳಿಯವರ ಲೆಕ್ಕದಲ್ಲಿ ಭೇದಿಯಲ್ಲಿ ನಾಲ್ಕು ಬಗೆಗಳಿದ್ದವು, ಉಪ್ಪು ಬೆಲ್ಲದ ನೀರು ಅವುಗಳಲ್ಲಿ ಅತಿ ಕೆಟ್ಟ ಬಗೆಗೆ ಮಾತ್ರ ಎಂದು ತಾಯಂದಿರು ತಿಳಿದಿದ್ದರು. ಪಾಠವನ್ನು ಅದಕ್ಕೆ ತಕ್ಕಂತೆ ತಿದ್ದಿದರು. ಮನೆಯ ಗಂಡಸರನ್ನು ಯಾರೂ ಕೇಳಿರಲಿಲ್ಲ, ಅವರು ಅಡ್ಡ ನಿಂತಿದ್ದರು. ಸಂತೆಯಲ್ಲಿ, ಮಸೀದಿಯಲ್ಲಿ, ಊರಿನ ನಾಟಿ ವೈದ್ಯರ ಬಳಿ ಸಭೆ ನಡೆಸಿದರು. ಇಷ್ಟಾದ ಮೇಲೆ ಬಳಕೆ ಏರಿತು. ಮುಂದೆ ಓಆರ್‌ಎಸ್ ಎಂಬ ಹೆಸರಿನ ಸಿದ್ಧ ಪೊಟ್ಟಣಗಳು ಅಗ್ಗವಾಗಿ ಅಂಗಡಿ ಅಂಗಡಿಗೆ ಬಂದಾಗ ಅವನ್ನು ಕೇಳಿ ಕೊಳ್ಳುವ ತಾಯಂದಿರ ಪೀಳಿಗೆಯೇ ತಯಾರಾಗಿತ್ತು. ಇಂದು ಬಾಂಗ್ಲಾದೇಶದಲ್ಲಿ ಭೇದಿಯಾದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಓಆರ್‌ಎಸ್ ಸಿಗುತ್ತದೆ. ಅದಕ್ಕಿಂತ ಶ್ರೀಮಂತವಾದ ಎಷ್ಟೋ ದೇಶಗಳು ಇಷ್ಟನ್ನು ಸಾಧಿಸಿಲ್ಲ.

ಕೆಂಪು ಬಳಿದ ಕೈಪಂಪು

ಈಗ ಎರಡನೆಯ ಕತೆ. ಬಂಗಾಳದ ಹಳ್ಳಿಯಲ್ಲಿ ಮನೆಗೊಂದು ಕೊಳವಿರುತ್ತದೆ. ಸ್ನಾನ, ಪಾತ್ರೆ, ದನ, ಕುಡಿಯುವ ನೀರು ಎಲ್ಲಕ್ಕೂ ಅದೇ. ಭೇದಿಯ ಮೂಲವೂ ಅದೇ. 1970ರ ದಶಕದಿಂದ ಸರ್ಕಾರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆ ಯೂನಿಸೆಫ್ ನೆರವಿನಿಂದ ಕೈಪಂಪಿನ ಕೊಳವೆಬಾವಿಗಳನ್ನು ಹಾಕಿಸಿತು. ಮೆಕ್ಕಲು ಮಣ್ಣಿನ ನಾಡು. ಬಂಡೆಯಿಲ್ಲ, ನೀರು ಮೇಲೆಯೇ ಇದೆ. ಊರಿನ ಕೆಲಸಗಾರರೇ ಕೊಳವೆ ಇಳಿಸಬಲ್ಲರು. ಆಮೇಲೆ ಜನ ಸ್ವಂತ ದುಡ್ಡಿನಲ್ಲೇ ಹಾಕಿಸಿಕೊಂಡರು. ಅಂಗಳದಲ್ಲಿ ಕೈಪಂಪು ಇರುವುದು ಮನೆತನಕ್ಕೆ ಗೌರವ. ಶತಮಾನದ ಕೊನೆಯ ಹೊತ್ತಿಗೆ ಸುಮಾರು ಒಂದು ಕೋಟಿ ಕೊಳವೆಬಾವಿಗಳಿದ್ದವು, ಜನಸಂಖ್ಯೆಯ ಬಹುಪಾಲು ಅವುಗಳ ನೀರು ಕುಡಿಯುತ್ತಿತ್ತು. ಯೋಜನೆಯ ವರದಿಗಳಲ್ಲಿ ಅದು ಅಮೋಘ ಯಶಸ್ಸು.

ಹಿಮಾಲಯದಿಂದ ಗಂಗೆ, ಬ್ರಹ್ಮಪುತ್ರಗಳು ಹೊತ್ತು ತಂದ ಹೂಳಿನಲ್ಲಿ ಕಬ್ಬಿಣದ ಕಣಗಳಿಗೆ ಅಂಟಿಕೊಂಡ ಆರ್ಸೆನಿಕ್ ಇರುತ್ತದೆ. ನೆಲದಡಿ ಆಮ್ಲಜನಕವಿಲ್ಲದ ಕಡೆ, ಕೊಳೆತ ಸಸ್ಯಾಂಶ ತಿಂದು ಬದುಕುವ ಸೂಕ್ಷ್ಮಜೀವಿಗಳು ಆ ಕಬ್ಬಿಣವನ್ನು ಕರಗಿಸುತ್ತವೆ. ಅದರೊಂದಿಗೆ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಕೊಳದ ನೀರಿನಲ್ಲಿ ಈ ತೊಂದರೆ ಇರಲಿಲ್ಲ. ಕೈಪಂಪಿನ ಕೊಳವೆಗಳು ಬಂದು ನಿಂತದ್ದು ಸರಿಯಾಗಿ ಆರ್ಸೆನಿಕ್ ಬಿಡುಗಡೆಯಾಗುವ ಆಳದಲ್ಲಿ. ನೀರು ತಿಳಿಯಾಗಿದೆ, ತಣ್ಣಗಿದೆ, ವಾಸನೆಯಿಲ್ಲ, ರುಚಿ ಕೆಟ್ಟಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು ಕಾಣಿಸುತ್ತವೆ, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತವೆ, ಕೊನೆಗೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್. ಚುಕ್ಕೆ ಕಂಡವರನ್ನು ಕುಷ್ಠವೆಂದು ದೂರವಿಟ್ಟರು. ಹೆಣ್ಣುಮಕ್ಕಳ ಮದುವೆ ನಿಂತುಹೋಯಿತು, ಮದುವೆಯಾದವರನ್ನು ತವರಿಗೆ ಅಟ್ಟಿದರು.

ಗಡಿಯ ಈಚೆ, ಕಲ್ಕತ್ತೆಯ ಚರ್ಮವೈದ್ಯ ಕೆ.ಸಿ. ಸಹಾ 1983ರಲ್ಲೇ ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ಇದನ್ನು ಗುರುತಿಸಿದ್ದರು. ಮುಂದೆ ಗಡಿಯಾಚೆಯ ರೋಗಿಗಳೂ ಅವರಲ್ಲಿಗೆ ಬಂದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮಾದರಿ ಹೊತ್ತು ತಿರುಗಿ ಎಚ್ಚರಿಸುತ್ತ ಬಂದರು. ಬಾಂಗ್ಲಾದೇಶದ ಬಾವಿಗಳಲ್ಲಿ ಆರ್ಸೆನಿಕ್ ಅಧಿಕೃತವಾಗಿ ದೃಢಪಟ್ಟದ್ದು 1993ರಲ್ಲಿ. ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ 1992ರಲ್ಲಿ ಅಲ್ಲಿನ ಅಂತರ್ಜಲ ಪರೀಕ್ಷೆ ನಡೆಸಿತ್ತು, ಆದರೆ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಅದೇ ಸಂಸ್ಥೆ ಪಾಲ್ಗೊಂಡ 1998–99ರ ಸಮೀಕ್ಷೆಯ ಅಂದಾಜಿನಂತೆ ಬಾಂಗ್ಲಾದೇಶದ ಮಿತಿಯಾದ ಲೀಟರಿಗೆ 50 ಮೈಕ್ರೊಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಕುಡಿಯುತ್ತಿದ್ದವರು ಸುಮಾರು 3.5 ಕೋಟಿ ಜನ. ವಿಶ್ವ ಆರೋಗ್ಯ ಸಂಸ್ಥೆಯ 10 ಮೈಕ್ರೊಗ್ರಾಂ ಮಿತಿ ಹಿಡಿದರೆ 5.7 ಕೋಟಿ. ಬ್ರಿಟಿಷ್ ಭೂವಿಜ್ಞಾನ ಸಂಸ್ಥೆಯ ವಿರುದ್ಧ ಹಳ್ಳಿಯವರ ಪರವಾಗಿ ಲಂಡನ್ನಿನಲ್ಲಿ ಹೂಡಿದ ಮೊಕದ್ದಮೆಯನ್ನು 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ವಜಾ ಮಾಡಿತು. ಆರ್ಸೆನಿಕ್ ಪರೀಕ್ಷಿಸುವ ಹೊಣೆ ಆ ಸಂಸ್ಥೆಗೆ ಇರಲಿಲ್ಲ ಎಂಬುದು ತೀರ್ಪಿನ ಸಾರ.

ಆಮೇಲೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ ಬಣ್ಣ ಬಳಿದರು. ಕೆಂಪು ಬಳಿದರೆ ಕುಡಿಯಬಾರದು, ಹಸಿರು ಬಳಿದರೆ ಕುಡಿಯಬಹುದು. ಅನೇಕರು ಪಕ್ಕದ ಹಸಿರು ಪಂಪಿಗೆ ನಡೆದು ಹೋಗಿ ಜೀವ ಉಳಿಸಿಕೊಂಡರು. ಪಕ್ಕದಲ್ಲಿ ಹಸಿರು ಇಲ್ಲದವರು ಕೆಂಪಿನದನ್ನೇ ಕುಡಿದರು. ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಬಂದವು. ಆರ್ಸೆನಿಕ್ ಇಲ್ಲದ ಆಳದಿಂದ ನೀರೆತ್ತುವ ಸರ್ಕಾರಿ ಬಾವಿಗಳಲ್ಲಿ ಎಷ್ಟೋ ರಾಜಕಾರಣಿಗಳ ಬೆಂಬಲಿಗರ ಅಂಗಳ ಸೇರಿದವು ಎಂದು ಹ್ಯೂಮನ್ ರೈಟ್ಸ್ ವಾಚ್ 2016ರಲ್ಲಿ ವರದಿ ಮಾಡಿತು. ಆಗಲೂ ಸುಮಾರು 2 ಕೋಟಿ ಜನ ಮಿತಿಮೀರಿದ ಆರ್ಸೆನಿಕ್ ಕುಡಿಯುತ್ತಿದ್ದರು.

ಪಕ್ಕಪಕ್ಕ ಇಟ್ಟು ನೋಡಿದರೆ

ಎರಡನ್ನೂ ಜೊತೆಗಿಟ್ಟಾಗ ಒಂದು ತಪ್ಪು ತೀರ್ಮಾನಕ್ಕೆ ಜಾರುವ ಅಪಾಯವಿದೆ: ಸ್ವಯಂಸೇವಾ ಸಂಸ್ಥೆ ಒಳ್ಳೆಯದು, ಸರ್ಕಾರ ಕೆಟ್ಟದ್ದು ಎಂದು. ಹಾಗೇನಿಲ್ಲ. ಕೊಳವೆಬಾವಿ ಹಾಕಿಸಿದವರ ಉದ್ದೇಶ ಶುದ್ಧವಾಗಿತ್ತು. ನದೀ ಬಯಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರಬಹುದೆಂದು 1970ರ ದಶಕದಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ, ಆಗಿನ ವಾಡಿಕೆಯ ಪರೀಕ್ಷೆಗಳಲ್ಲಿ ಅದು ಸೇರಿರಲಿಲ್ಲ. ಆ ಅಜ್ಞಾನ ಕ್ಷಮಾರ್ಹ. ಕ್ಷಮಾರ್ಹವಲ್ಲದ್ದು ನಂತರದ್ದು. ಗಡಿಯ ಈಚೆ, ಪಶ್ಚಿಮ ಬಂಗಾಳದಲ್ಲಿ ರೋಗ ಕಂಡಿದೆ, ನೆಲ ಒಂದೇ, ನದಿ ಒಂದೇ. ಆದರೂ ಬಾಂಗ್ಲಾದೇಶದ ಬಾವಿಗಳಲ್ಲಿ ಅದು ದೃಢಪಡಲು ಹತ್ತು ವರ್ಷ ಬೇಕಾಯಿತು. ಇಲಾಖೆಯ ಲೆಕ್ಕದಲ್ಲಿ ಇದ್ದದ್ದು ಇಳಿಸಿದ ಕೊಳವೆಗಳ ಸಂಖ್ಯೆ. ಕೊಳವೆಯಿಂದ ಏನು ಬರುತ್ತಿದೆ ಎಂಬುದಕ್ಕೆ ಆ ಲೆಕ್ಕದಲ್ಲಿ ಅಂಕಣವೇ ಇರಲಿಲ್ಲ.

ಉಪ್ಪು ಬೆಲ್ಲದ ಕೆಲಸದಲ್ಲೂ ತಪ್ಪುಗಳಾದವು. ನಂಬಿಕೆಯಿಲ್ಲದ ಕಾರ್ಯಕರ್ತರು, ಅಡ್ಡ ನಿಂತ ಗಂಡಸರು, ತಪ್ಪು ತಿಳಿದ ತಾಯಂದಿರು. ಆದರೆ ತಪ್ಪು ಕಾಣಿಸುವ ವ್ಯವಸ್ಥೆ ಮೊದಲ ದಿನದಿಂದಲೇ ಯೋಜನೆಯೊಳಗೆ ಇತ್ತು. ಕೊಳವೆಬಾವಿಯ ಯೋಜನೆಯಲ್ಲಿ ಅದು ಇರಲಿಲ್ಲ. ಇಷ್ಟೇ ವ್ಯತ್ಯಾಸ.

ಇನ್ನೊಂದು ಮಾತು. ಉಪ್ಪು ಹೆಚ್ಚಾಯಿತೋ ಎಂದು ತಾಯಿ ನಾಲಗೆಯಲ್ಲಿ ತಿಳಿಯಬಲ್ಲಳು. ಆರ್ಸೆನಿಕ್ಕನ್ನು ಯಾವ ತಾಯಿಯ ನಾಲಗೆಯೂ ಹಿಡಿಯಲಾರದು. ಜನಜಾಗೃತಿ ಎಂಬ ಮಂತ್ರವನ್ನು ನಾವು ಎಲ್ಲ ರೋಗಕ್ಕೂ ಜಪಿಸುತ್ತೇವೆ. ಜನರ ಕೈಯಲ್ಲಿ ಆಗುವ ಕೆಲಸಕ್ಕೆ ಜಾಗೃತಿ ಸಾಕು. ಜನರ ಕಣ್ಣಿಗೆ, ಮೂಗಿಗೆ, ನಾಲಗೆಗೆ ಸಿಗದ ಅಪಾಯವನ್ನು ಅಳೆದು ಹೇಳುವುದು ಸರ್ಕಾರದ ಕೆಲಸ, ಅದನ್ನು ಬಡವರ ತಲೆಗೆ ಕಟ್ಟಬಾರದು.

ನಮ್ಮ ಅಂಗಳದಲ್ಲಿ

ಈ ಕತೆಗಳು ನಮಗೆ ದೂರದವಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್‌ಗಳು ಆಳಕ್ಕಿಳಿದಂತೆ ಫ್ಲೋರೈಡ್ ಮೇಲೆ ಬಂತು. ಕಂದುಗಟ್ಟಿದ ಹಲ್ಲು, ಬಗ್ಗದ ಬೆನ್ನು, ಸೊಟ್ಟಗಾದ ಕಾಲುಗಳನ್ನು ಅಲ್ಲಿನವರು ನೋಡಿದ್ದಾರೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಸಿಕ್ಕಿದ್ದು ಇದೇ ಆರ್ಸೆನಿಕ್. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನಲ್ಲಿ ಇರಲಿಲ್ಲವೆಂದು ಸತ್ತದ್ದಲ್ಲ. ನಲ್ಲಿಯ ನೀರನ್ನೇ ಕುಡಿದು ಸತ್ತದ್ದು. ನಮ್ಮ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಉದ್ಘಾಟನೆಯಾದ ದಿನದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅದು ಕೆಟ್ಟು ನಿಂತ ದಿನದ ಫೋಟೊ ಬರುವುದಿಲ್ಲ.

ಓಆರ್‌ಎಸ್ ವಿಷಯದಲ್ಲೂ ಹೀಗೆಯೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು ಶೇ 61 ಮಕ್ಕಳಿಗೆ. ಕುಡಿಸಿದ್ದರಲ್ಲಿ ಕೆಲವು ಓಆರ್‌ಎಸ್ ಕೂಡ ಆಗಿರಲಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರಬೇಕು. ಇದರ ಎಷ್ಟೋ ಪಟ್ಟು ಸಕ್ಕರೆ ಇರುವ ಹಣ್ಣಿನ ಪಾನೀಯಗಳು ಅದೇ ಹೆಸರು ಹಚ್ಚಿಕೊಂಡು ಮೆಡಿಕಲ್ ಶಾಪುಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು. ಸಕ್ಕರೆ ಅತಿಯಾದರೆ ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಳ ಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಕೂಡದೆಂದು ಆದೇಶ ಹೊರಡಿಸಿತು. ಹೋಗಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದ್ದು ಒಬ್ಬ ವೈದ್ಯೆ, ಓದಬೇಕಾಗಿದ್ದವರು ಬೇರೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಬ್ರ್ಯಾಕ್ ಮಾದರಿಯನ್ನು ಕೇಳಿದವರು, ಹಾಗಾದರೆ ನಮ್ಮ ಆಶಾ ಕಾರ್ಯಕರ್ತೆಯರ ದುಡ್ಡನ್ನೂ ಫಲಿತಾಂಶಕ್ಕೆ ಕಟ್ಟಿಬಿಡೋಣ ಎನ್ನಬಹುದು. ಅದು ಈಗಾಗಲೇ ಬಹಳ ಮಟ್ಟಿಗೆ ಕೆಲಸಕ್ಕಿಷ್ಟು ಎಂದೇ ಇದೆ, ನಿಶ್ಚಿತ ಗೌರವಧನಕ್ಕಾಗಿ ಅವರು ಬೀದಿಗಿಳಿಯಬೇಕಾಗಿದೆ. ನಾನು ಹೇಳುತ್ತಿರುವ ತಪಾಸಣೆ ಕೆಳಗಿನವರ ಕೊರಳಿಗೆ ಬಿಗಿಯುವ ಹಗ್ಗವಲ್ಲ. ಬಾಂಗ್ಲಾದೇಶದಲ್ಲಿ ಬಳಕೆ ಕಡಿಮೆ ಎಂದು ಕಂಡಾಗ ಬದಲಾದದ್ದು ಸಂಸ್ಥೆಯ ಪಾಠ, ತರಬೇತಿ, ಸಭೆಗಳ ಕ್ರಮ. ತಪಾಸಣೆ ಮೇಲಿನವರನ್ನು ತಿದ್ದದಿದ್ದರೆ ಅದು ಬರೀ ಕಿರುಕುಳ.

ಕೊನೆಯ ಮಾತು

ದತ್ತಿ ಎಂದರೆ ಅದೂ ಒಂದು ಕೊಡುಗೆಯೇ. ಕೊಡುವವರಿಗೆ ಸಾರ್ಥಕವಾಗುವುದು ಅದು ಮುಟ್ಟಿದಾಗ. ಆದ್ದರಿಂದ ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೆಲಸ ಬೇಡುತ್ತೇನೆ. ಈ ರಜೆಯಲ್ಲಿ ಊರಿಗೆ ಹೋದಾಗ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ, ನಿಮ್ಮ ಓಣಿಗೆ ಬರುವ ನೀರಿನ ಕೊನೆಯ ಪರೀಕ್ಷಾ ವರದಿ ಕೇಳಿ. ಯಾವ ದಿನಾಂಕದ್ದು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇತ್ತೇ ಎಂದು ಓದಿ. ಜಲಜೀವನ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು; ನಿಮ್ಮೂರಿನಲ್ಲಿ ಆ ಐವರು ಯಾರೆಂದು ವಿಚಾರಿಸಿ, ಕಿಟ್ ಅವರ ಕೈಗೆ ಬಂದಿದೆಯೇ ನೋಡಿ. ವರದಿಯೇ ಇಲ್ಲವೆಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ನಿಮ್ಮೂರಿನಲ್ಲಿ ಎಷ್ಟು ನಲ್ಲಿ ಹಾಕಿದ್ದಾರೆಂದು ಸರ್ಕಾರ ಕೇಳದೆಯೇ ಹೇಳುತ್ತದೆ. ಆ ನಲ್ಲಿಯಲ್ಲಿ ಏನು ಬರುತ್ತಿದೆ ಎಂಬುದನ್ನು ನೀವೇ ಕೇಳಬೇಕು.